ಯಾರ ನಿದ್ದೆ ಯಾರಿಗೋ

ನನ್ನನ್ನು ಕಂಡರೆ ನಮ್ಮೂರ ಕೆಲವು ಗಂಡಸರು ದಾರಿ ಬದಲಿಸುತ್ತಾರೆ. ನಾನೇನು ಹುಲಿಯಲ್ಲ, ಕರಡಿಯಲ್ಲ. ಮೊಣಕಾಲು ನೋವಿನ ಹೆಂಗಸು, ತಲೆಯ ಮೇಲೊಂದು ಮಡಚಿದ ಕೌದಿ, ಕಂಕುಳಲ್ಲಿ ಇನ್ನೊಂದು, ಅಷ್ಟೆ. ಆದರೆ ಹೆಂಡತಿ ಮಕ್ಕಳನ್ನು ಬಿಟ್ಟು ಹೋದವರಿಗೆ ಆ ಕೌದಿಯ ಅಂಚು ಕಂಡರೂ ಸಾಕು, ಎದೆ ಧಸಕ್ಕೆನ್ನುತ್ತದೆ. "ಜಪ್ತಿ ಗೌರಕ್ಕ ಬಂದ್ಲಪೋ!" ಎಂದು ಒಬ್ಬ ಕೂಗಿದರೆ ಚಹದಂಗಡಿಯ ಬೆಂಚು ಖಾಲಿ. ಅವರು ಹೊತ್ತುಹೊತ್ತಿಗೆ ಚಹ ಕುಡಿಯುವುದೂ ನನ್ನಿಂದ ತಪ್ಪಿಸಿಕೊಳ್ಳಲಿಕ್ಕೇ. ಚಹ ಕುಡಿದವನ ನಿದ್ದೆ ಕೌದಿಗೆ ಇಳಿಯುವುದಿಲ್ಲ ಎಂದು ಯಾವನೋ ಪುಣ್ಯಾತ್ಮ ಅವರ ತಲೆಗೆ ತುಂಬಿದ್ದಾನೆ. ಇಳಿಯುತ್ತದೆ, ಸ್ವಲ್ಪ ತಡವಾಗುತ್ತದೆ. ಆ ತಡದಲ್ಲಿ ನಾನು ಅವರ ಕಟ್ಟೆಯ ಮೇಲೆ ಕೂತು ಮೊಣಕಾಲು ನೀವಿಕೊಳ್ಳುತ್ತೇನೆ.

ನಮ್ಮೂರಲ್ಲಿ ಹುಟ್ಟುವ ಕೂಸುಗಳು ತಮ್ಮ ನಿದ್ದೆ ತಂದಿರುವುದಿಲ್ಲ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವವರೆಗೂ ಅವು ಮಲಗಬೇಕಾದರೆ ಹೆತ್ತವರು ತಮ್ಮ ನಿದ್ದೆಯನ್ನೇ ಕೊಡಬೇಕು. ಅಪ್ಪನೋ ಅವ್ವನೋ ಕೌದಿ ಹೊದ್ದು, ಕಣ್ಣು ಬಿಟ್ಟುಕೊಂಡೇ ಮಲಗುವುದು. ನಿದ್ದೆ ಕೌದಿಗೆ ಇಳಿದ ಮೇಲೆ ನಾಲ್ಕೂ ಮೂಲೆ ಒಳಗೆ ಮಡಚಿ ಒಯ್ದು ಕೂಸಿಗೆ ಹೊದಿಸುವುದು. ಕೊಟ್ಟವರಿಗೆ ಆ ನಿದ್ದೆ ಮತ್ತೆ ಸಿಗುವುದಿಲ್ಲ. ನಿದ್ದೆಯ ಜೊತೆ ಅವರು ಕಾಣಬೇಕಾಗಿದ್ದ ಕನಸೂ ಹೋಗುತ್ತದೆ, ಅದನ್ನು ಕೂಸು ಕಾಣುತ್ತದೆ. ಇಬ್ಬರೂ ಹಂಚಿಕೊಂಡರೆ ಸಂಸಾರ ಹೇಗೋ ನಡೆದುಹೋಗುತ್ತದೆ. ಒಬ್ಬರ ಮೇಲೇ ಬಿದ್ದರೆ ಮಾತ್ರ ಆ ಜೀವದ ಗತಿ ನೋಡಲಾಗದು. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರಲ್ಲ, ನಮ್ಮೂರ ಒಂಟಿ ತಾಯಂದಿರನ್ನು ನೋಡಿದವರು ಆ ಗಾದೆ ಮಾತನ್ನು ಬಾಯಿಗೆ ತರುವುದಿಲ್ಲ.

ಅಂಥವರಿಗಾಗಿಯೇ ನಿದ್ದೆ ಚಾವಡಿ ಇದೆ. ಮಕ್ಕಳಿಲ್ಲದವರು, ಮಕ್ಕಳು ಬೆಳೆದವರು ಬಂದು ಅಲ್ಲಿ ಮಲಗಿ, ಊರಿಗೆ ತಮ್ಮ ಪಾಲು ಕೊಟ್ಟು ಹೋಗುತ್ತಾರೆ. ನಾನೂ ಕೊಡುತ್ತೇನೆ. ಆ ಕೌದಿಗಳು ಒಂಟಿ ತಾಯಂದಿರ ಕೂಸುಗಳಿಗೆ. ಆದರೆ ಚಾವಡಿಯ ಕೌದಿ ಮುಟ್ಟಿದ ದಿನವೇ ತಾಯಿ, ಗಂಡನೆಂಬವನಿದ್ದರೆ, ಅವನ ಹೆಸರು ಹೇಳಬೇಕು. ಅವನಿಂದ ಕೇಳುವ ಹಕ್ಕು ಅಲ್ಲಿಂದ ಮುಂದೆ ಅವಳದಲ್ಲ, ಚಾವಡಿಯದು. ಅವನು ಕೊಟ್ಟದ್ದೆಲ್ಲ ಊರ ರಾಶಿಗೆ ಸೇರುತ್ತದೆ. ಕೊಡದವನ ಮನೆಗೆ ನಾನು ಹೋಗುತ್ತೇನೆ. ಇನ್ನೊಂದು ಕಟ್ಟು ಇದೆ: ಅವನ ಕೌದಿ ಅವನ ಕೂಸಿಗೇ ಹೋಗುವಂತಿಲ್ಲ. ನನ್ನದು ದಪ್ಪ, ನಿನ್ನದು ತೆಳು ಎಂದು ಹೆಂಗಸರು ಕಿತ್ತಾಡಬಾರದೆಂದು ಹಿರಿಯರು ಮಾಡಿಟ್ಟದ್ದು. ಹಾಗಾಗಿ ನಮ್ಮ ಚಾವಡಿಯಲ್ಲಿ ಯಾರ ನಿದ್ದೆ ಯಾರಿಗೋ.

ತಂಗೆವ್ವ ಚಾವಡಿಗೆ ಬಂದದ್ದು ಬೆರಳಿಗೆ ಅರಿವೆ ಸುತ್ತಿಕೊಂಡು. ಮೆಣಸಿನಕಾಯಿ ಕುಟ್ಟುವ ಗಿರಣಿಯಲ್ಲಿ ಅವಳ ಕೆಲಸ. ನಿಂತಲ್ಲೇ ತೂಕಡಿಸಿ ಕೈಯನ್ನು ಯಂತ್ರಕ್ಕೆ ಕೊಟ್ಟಿದ್ದಳು. ಪಕ್ಕದವಳು ಎಳೆದಿದ್ದಕ್ಕೆ ಬೆರಳಿನ ತುದಿಯಷ್ಟೇ ಹೋಯಿತು. ಅವಳ ಗಂಡ ಮಾನಪ್ಪ ಕಮ್ಮಾರ, ಕೆಲಸದಲ್ಲಿ ಗಟ್ಟಿಗ. ಮಗಳು ಪಾರಿ ಹುಟ್ಟಿದ ಮೇಲೆ ಅವನೂ ತನ್ನ ಸರದಿಯಲ್ಲಿ ಕೊಡುತ್ತಿದ್ದ. ಒಂದು ದಿನ, "ಹಳ್ಳದಾಚೆ ಅಕ್ಕನ ಮನಿಗೆ ಹೋಗಿ ಒಂದಿನ ಹೊಟ್ಟಿತುಂಬ ನಿದ್ದಿ ಮಾಡಿ ಬರ್ತೀನಿ" ಎಂದು ಹೇಳಿ ಹೋದವನು ತಿರುಗಿ ಬರಲಿಲ್ಲ.

"ಇನ್ನೊಬ್ಬಾಕಿ ಹಿಂದ ಹೋಗಿದ್ರ ಜುಟ್ಟಾ ಹಿಡಿದು ಎಳಕೊಂಡು ಬರತಿದ್ದೆ, ಗೌರಕ್ಕ," ಎಂದಳು ತಂಗೆವ್ವ. "ನಿದ್ದಿ ಹಿಂದ ಹೋದವನ್ನ ಹೆಂಗ ಎಳಕೊಂಡು ಬರಲಿ? ನನಗೂ ಅದ ಬೇಕಾಗಿತ್ತು." ಗಂಡನ ಹೆಸರು ಹೇಳಿದಳು, ಹೆಬ್ಬೆಟ್ಟು ಒತ್ತಿದಳು, ಕೌದಿ ಇಸಕೊಂಡು ಹೋದಳು. ಆ ದಿನ ಅವಳು ಒಂದು ಮಾತನ್ನೂ ಹೆಚ್ಚಿಗೆ ಕೇಳಲಿಲ್ಲ. ಅಷ್ಟು ದಣಿದವರು ಕೇಳುವುದಿಲ್ಲ.

ಚಾವಡಿಯ ಕೌದಿ ಪಡೆಯುವ ಮನೆಗಳನ್ನು ಆಗಾಗ ಹೋಗಿ ನೋಡಿಬರುವುದೂ ನನ್ನ ಪಾಲಿನ ಕೆಲಸವೇ. ಮಧ್ಯಾಹ್ನ ಊಟದ ಹೊತ್ತಿಗೆ ತಂಗೆವ್ವ ಗಿರಣಿಯಿಂದ ಬಂದು ಮಗಳನ್ನು ಮಲಗಿಸುತ್ತಾಳೆಂದು ಆಗಲೇ ಹೋದೆ. ಅವಳ ಮನೆಯ ಬಾಗಿಲು ನೂಕಿದರೆ ತೆರೆಯುವುದಿಲ್ಲ. ಬಿಜಾಗರಿ ಸಡಿಲಾಗಿ ಕದ ನೆಲಕ್ಕೆ ಕೂತಿದೆ. "ಸ್ವಲ್ಪ ಎತ್ತಿ ದೂಡಬೇಕಕ್ಕ," ಎಂದು ಒಳಗಿನಿಂದ ಕೂಗಿದಳು. "ಊರ ಮಂದಿ ಬಾಗಲಕ್ಕೆಲ್ಲ ಬಿಜಾಗರಿ ಬಡದ, ತನ್ನ ಬಾಗಲಕ್ಕ ಮಾತ್ರ ನಾಳೆ ನಾಳೆ ಅಂದ."

ಪಾರಿ ಮಲಗಿದ್ದಳು. ಚಾವಡಿಯ ನಿದ್ದೆ ಹೊದ್ದ ಕೂಸುಗಳು ನಿದ್ದೆಗಣ್ಣಿನಲ್ಲಿ ಏನೇನೋ ಬಡಬಡಿಸುತ್ತವೆ. ಒಂದು ಕೂಸು ಸಂತೆಯಲ್ಲಿ ಎಮ್ಮೆ ವ್ಯಾಪಾರ ಮಾಡುತ್ತದೆ, ಇನ್ನೊಂದು ಎಂದೂ ಕಾಣದ ಸೊಸೆಯನ್ನು ಬಯ್ಯುತ್ತದೆ. ನಮಗದು ರೂಢಿ. ಆದರೆ ಪಾರಿ ತುಟಿ ಅಲುಗಿಸಿ, "ಅಪ್ಪಾ, ತಿದಿ ನಾ ಊದ್ತೀನಿ" ಎಂದಳು. ಕುಲುಮೆಯ ತಿದಿಯೂದುವ ಕನಸು, ಕಮ್ಮಾರರೊಬ್ಬರೂ ಕೊಡದ ಊರ ರಾಶಿಯಿಂದ ಹೇಗೆ ಬಂತು? ನಾನು ಬಗ್ಗಿ ಚಾವಡಿಯ ಕೌದಿಯ ಮೂಲೆ ಎತ್ತಿದೆ. ಕೆಳಗೆ ಇನ್ನೊಂದು ಕೌದಿ, ಹಳದಿ ಅಂಚಿನ ಧಾರೆ ಸೀರೆ ಹರಿದು ಹೊಲಿದದ್ದು.

ತಂಗೆವ್ವ ಕದ್ದು ಸಿಕ್ಕಿಬಿದ್ದವಳ ಹಾಗೆ ನಿಲ್ಲಲಿಲ್ಲ. ಗೋಡೆಗೊರಗಿ ಕುಕ್ಕರಿಸಿದಳು. "ಒಮ್ಮೊಮ್ಮೆ ಮುಂಜಾನೆ ಹಿತ್ತಲ ಗ್ವಾಡಿ ಮ್ಯಾಲೆ ಇಟ್ಟು ಹೋಗ್ತಾನ," ಎಂದಳು. "ನಾ ಮಾತಾಡ್ಸಿಲ್ಲ, ಅಂವ ನಿಂತಿಲ್ಲ. ಗೌರಕ್ಕ, ನಿಮ್ಮ ಚಾವಡಿ ನಿದ್ದಿ ಹೊದ್ದು ಎದ್ದ ದಿನ ಇಕಿ ನನ್ನ ನೋಡಿ, 'ನೀವು ಯಾರ ಪೈಕಿ?' ಅಂತ ಕೇಳತಾಳ. ಬೀಗರ ಮನಿಗೆ ಬಂದವರಂಗ ಕಾಲು ಮಡಚಿ ಕೂಡತಾಳ. ಅವರಪ್ಪನ ಕೌದಿ ಹೊದ್ದು ಎದ್ದ ದಿನ 'ಅವ್ವಾ' ಅಂತಾಳ. ಅದೊಂದ ಆಸೆಕ್ಕ ಇಟಗೊಂಡೀನಿ. ಬೇಕಾದ್ರ ಹೋಗಿ ಹೇಳು."

ನಾನು ಹೇಳಲೇಬೇಕಾದ್ದನ್ನು ಹೇಳಿದೆ: ಎರಡೂ ಕಡೆ ಕೈ ಚಾಚುವ ಹಾಗಿಲ್ಲ, ಗಂಡನದನ್ನು ನೇರ ಇಟ್ಟುಕೊಂಡರೆ ಚಾವಡಿಯ ಕೌದಿ ನಿಲ್ಲುತ್ತದೆ, ಚಾವಡಿಯದು ಬೇಕಾದರೆ ಗಂಡನದು ಅಲ್ಲಿಗೆ ಬರಬೇಕು. ಯಾವುದನ್ನು ಬಿಡುತ್ತೀ ನೋಡು ಎಂದೆ. ಅವಳು ಬೆರಳಿನ ಮೊಂಡು ತುದಿಯನ್ನೇ ನೋಡುತ್ತ ಕೂತಳು.

"ಅವನದು ಬಂದ್ರ ಬಂತು, ಇಲ್ಲಂದ್ರ ಇಲ್ಲ," ಎಂದಳು ಕೊನೆಗೆ. "ಆ ಗ್ವಾಡಿ ನೆಚ್ಚಿ ಕುಂತ್ರ ಉಳದ ಬೆರಳೂ ಗಿರಣಿಗೇ ಹೋಗತಾವ. ತಗೊಂಡು ಹೋಗವ್ವಾ." ಧಾರೆ ಸೀರೆಯ ಕೌದಿಯನ್ನು ಮಗಳ ಮೈಮೇಲಿಂದ ತಾನೇ ಎಳೆದು, ಮಡಚಿ, ನನ್ನ ಕೈಗಿಟ್ಟಳು. ಪಾರಿ ನಿದ್ದೆಯಲ್ಲಿ ಕೈ ಚಾಚಿ ತಡಕಾಡಿದಳು, ಆಮೇಲೆ ಯಾರದೋ ಎಮ್ಮೆಗೆ ಬೆಲೆ ಕಟ್ಟತೊಡಗಿದಳು.

ನಾನು ಸುಮ್ಮನೆ ಬಿಟ್ಟವಳಲ್ಲ. ಚಾವಡಿಯ ಸಾಹೇಬರ ಮುಂದೆ ನಿಂತು, "ಸಾಹೇಬ್ರ, ಅಪ್ಪನ ಕೌದಿ ವಾರಕ್ಕೊಮ್ಮೆನಾರ ಆ ಕೂಸಿಗೇ ಹೋಗ್ಲಿರಿ. ಯಾರ ಗಂಟು ಏನು ಹೋಗತೈತಿ?" ಎಂದೆ. ಅವರು ಕೆಟ್ಟವರಲ್ಲ. ತಾವೂ ಊರಿಗೆ ನಿದ್ದೆ ಕೊಟ್ಟು ಕೊಟ್ಟು ಕಣ್ಣು ಕೆಂಡದಂತೆ ಮಾಡಿಕೊಂಡವರು. "ಇವತ್ತ ಒಬ್ಬಾಕಿಗೆ ಬಿಟ್ರ ನಾಳೆ ಊರ ಊರೇ ಬಾಗಲಾಗ ನಿಲ್ಲತೈತಿ, ಗೌರವ್ವ," ಎಂದರು. "ಆಮ್ಯಾಲೆ ಅಪ್ಪನ ಹೆಸರ ಗೊತ್ತಿಲ್ಲದ ಕೂಸುಗಳಿಗೆ ಯಾರ ಕೌದಿ ಹೊದಿಸೂಣು, ಹೇಳು?" ಮಾನಪ್ಪನ ಮೇಲೆ ಜಪ್ತಿಯ ಅಪ್ಪಣೆ ಬರೆದರು.

ಹಳ್ಳದಲ್ಲಿ ನೀರು ಕಡಿಮೆ, ಕಲ್ಲು ಜಾಸ್ತಿ. ದಾಟುವಷ್ಟರಲ್ಲಿ ನನ್ನ ಮೊಣಕಾಲು ನನ್ನದಾಗಿರಲಿಲ್ಲ. ಮಾನಪ್ಪ ಅಕ್ಕನ ಮನೆಯಂಗಳದಲ್ಲಿ ಕುಲುಮೆ ಹೂಡಿಕೊಂಡು ಕುಡಗೋಲು ತಟ್ಟುತ್ತಿದ್ದ. ನನ್ನನ್ನು ನೋಡಿ ಓಡಲಿಲ್ಲ, ಅದೊಂದು ಪುಣ್ಯ. "ಬಾ ಗೌರಕ್ಕ, ನೀರು ಕುಡಿ," ಎಂದ. ಹೊಟ್ಟೆತುಂಬ ನಿದ್ದೆ ಮಾಡಲು ಬಂದವನ ಮುಖ ನೋಡಿದರೆ ನಿದ್ದೆ ಅವನ ಹತ್ತಿರ ಸುಳಿದ ಹಾಗೆ ಕಾಣಲಿಲ್ಲ.

"ಗ್ವಾಡಿ ಮ್ಯಾಲೆ ಇಡೂದು ಇನ್ನ ಸಾಕು. ಚಾವಡಿಗೆ ಕೊಡಬೇಕು, ತಪ್ಪಿಸಂಗಿಲ್ಲ," ಎಂದು ಅಪ್ಪಣೆ ಓದಿದೆ.

ಅವನು ಸುತ್ತಿಗೆ ಇಟ್ಟ. "ಯಾಕ ಕೊಡ್ಲಿ? ಚಾವಡಿ ನನ್ನ ಮಗಳೇನು? ಪಾರಿಗಂದ್ರ ಜೀವಾ ಕೊಡ್ತೀನಿ."

ಬಿಸಿಲು, ಹಳ್ಳದ ಕಲ್ಲು, ಮೊಣಕಾಲು, ಎಲ್ಲ ಸೇರಿ ನನ್ನ ಸಿಟ್ಟು ನೆತ್ತಿಗೇರಿತು. "ಅಯ್ಯ ನಿನ್ನ! ನಿನ್ನ ಜೀವಾ ಯಾರು ಕೇಳ್ಯಾರೋ? ನಿದ್ದಿ ಕೊಡು, ಸಾಕು. ಜೀವಾ ಕೊಡತೀನಿ ಅನ್ನೂ ಗಂಡಸರನ್ನ ದಿನಾ ನೋಡ್ತೀನಿ ನಾ. ಒಂದು ಮಧ್ಯಾಹ್ನದ ನಿದ್ದಿ ಕೇಳಿದ್ರ ಹಿತ್ತಲ ಜಿಗಿದು ಓಡತಾರ."

ಅವನು ತಲೆ ತಗ್ಗಿಸಿದ. ಒಂದು ದಿನದ ಮಟ್ಟಿಗೇ ಬಂದಿದ್ದನಂತೆ. ಎದ್ದಾಗ ಎರಡು ಹಗಲು ಕಳೆದಿದ್ದವಂತೆ. ಯಾವ ಮುಖ ಹೊತ್ತು ಹೋಗಲಿ ಎಂದು ಮೂರನೆಯ ಹಗಲೂ ಉಳಿದನಂತೆ. "ಆಮ್ಯಾಲೆ ದಿನಾ ಹೋಗಬೇಕಂದೆ, ಗೌರಕ್ಕ. ದಿನಾ ಹಳ್ಳದ ತನಕ ಬಂದೆ," ಎಂದ. ಹೆಂಗಸರಾದರೆ ಇಂಥ ಮಾತಿಗೆ ಅಳುತ್ತಾರೆ. ಅವನು ಇದ್ದಿಲು ಕೆದಕಿದ. ಮತ್ತೆ ಕೇಳಿದ: "ನಾ ಚಾವಡಿಗೆ ಕೊಟ್ರ ಪಾರಿಗೇ ಮುಟ್ಟತೈತೇನು?"

ಇಲ್ಲ ಎಂದು ಹೇಳಬೇಕಿತ್ತು. ಹೇಳಿದ್ದರೆ ಅವನು ಚಹ ಕುಡಿಯುತ್ತಿದ್ದ, ನಾನು ದಿನಾ ಆ ಕಲ್ಲುಗಳನ್ನು ತುಳಿಯುತ್ತಿದ್ದೆ, ಯಾವ ಕೂಸಿಗೂ ಅವನ ನಿದ್ದೆ ಸಿಗುತ್ತಿರಲಿಲ್ಲ. "ಹೂಂ, ಮುಟ್ಟತೈತಿ," ಎಂದೆ. ಅವನು ಕೈ ತೊಳೆದು, ಬೇವಿನ ನೆರಳಲ್ಲಿ ಕೌದಿ ಹೊದ್ದು, ಕಣ್ಣು ಬಿಟ್ಟುಕೊಂಡು ಮಲಗಿದ. ಮಡಚಿ ಎತ್ತಿದರೆ ಏನು ಭಾರ! ಇಷ್ಟು ವರ್ಷ ಹೊತ್ತ ನನ್ನ ಕತ್ತೇ ವಾಲಿತು.

ಅಲ್ಲಿಂದ ಮುಂದೆ ಮಾನಪ್ಪ ತಪ್ಪಿಸಲಿಲ್ಲ. ನಾನು ಹೋದಾಗ ಅವನೇ ನೆರಳಿನ ಕಸ ಗುಡಿಸಿಟ್ಟಿರುತ್ತಿದ್ದ. ಸಾಹೇಬರು ಇಂಥ ವಸೂಲಿ ನೋಡಿಲ್ಲ ಎಂದರು. ಅವನ ಕೌದಿ ಹೆಚ್ಚಾಗಿ ಕುಂಬಾರ ಓಣಿಯ ಬಸಲಿಂಗಿಗೆ ಹೋಗುತ್ತಿತ್ತು. ಅವಳೂ ಪಾರಿಯ ವಾರಿಗೆಯ ಹುಡುಗಿ. ಅಪ್ಪ ಯಾರೆಂದು ಅವಳವ್ವ ಎಂದೂ ಬಾಯಿ ಬಿಟ್ಟವಳಲ್ಲ. ಪಾರಿಗೆ ಎಮ್ಮೆ ವ್ಯಾಪಾರಿಯದೋ, ಸಾಹೇಬರದೋ, ನನ್ನದೋ. ತಂಗೆವ್ವ ಈಗ ತೂಕಡಿಸುತ್ತಿರಲಿಲ್ಲ. ಆದರೆ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಳು. ಒಮ್ಮೆ ಮಾತ್ರ, "ಮನ್ನೆ ನನಗ 'ರೀ' ಅಂದ್ಲು" ಎಂದಳು. ಅಂದು ಅವಳ ಮಗಳು ಹೊದ್ದದ್ದು ನನ್ನ ಕೌದಿಯೇ ಇರಬಹುದು. ಸಾಹೇಬರಿಗೆ 'ರೀ' ಅಂದು ಅಂದು ನನ್ನ ಕನಸಿಗೂ ಅದೇ ಅಂಟಿದೆ.

ಚಾವಡಿಯ ಮುಂದೊಂದು ಹುಣಸೆ ಮರ. ಕೌದಿ ಹಂಚುವ ಹೊತ್ತಿಗೆ ತಾಯಂದಿರು ಅಲ್ಲಿ ಕಾಯುತ್ತಾರೆ, ಮಕ್ಕಳು ಬೊಡ್ಡೆಯ ಸುತ್ತ ಆಡುತ್ತವೆ. ಒಂದು ದಿನ ನಾನು ಕೌದಿಗಳನ್ನು ಹೊರಗೆ ತರುವಾಗ ತಂಗೆವ್ವ ಮಗಳನ್ನು "ಪಾರೀ" ಎಂದು ಕೂಗಿದಳು. ಬಸಲಿಂಗಿ ಆಡುವುದನ್ನು ಬಿಟ್ಟು ಪಾರಿಯ ಮುಂದೆ ಬಂದು ನಿಂತಳು. ಮುಖವನ್ನು ಅಡ್ಡಡ್ಡ ನೋಡಿದಳು.

"ಪಾರಿ ಅಂದ್ರ ನೀನೇನ?" ಎಂದಳು. "ನಿಮ್ಮಪ್ಪ ದಿನಾ ಬರತಾನ. ಕೈತುಂಬ ಮಸಿ. ಹಳದಿ ಅಂಚಿನ ಕೌದಿ ಹಿಡಕೊಂಡು ನಿಮ್ಮ ಮನಿ ಸುತ್ತ ತಿರಗತಾನ, ಪಾರಿ ಪಾರಿ ಅಂತ ಕೂಗತಾನ. ಬಾಗಲಾ ದೂಡತಾನ, ಬಾಗಲಾ ತೆರೆಯವಲ್ದು."

ಮರದ ಕೆಳಗಿನ ಹೆಂಗಸರೆಲ್ಲ ಇತ್ತ ತಿರುಗಿದರು. ಕಂಡ ಕನಸನ್ನು ಅದರ ಮನೆಯವರಿಗೇ ಹೇಳುವುದು ಇಷ್ಟು ವರ್ಷ ಯಾರಿಗೂ ಹೊಳೆಯದ್ದು, ಆ ಹುಡುಗಿಗೆ ಹೊಳೆದಿತ್ತು. ಅಲ್ಲಿಯವರೆಗೆ ಕೂಸಿನ ಬಡಬಡಿಕೆಯನ್ನು ನಾವು ಮುಖ ತೊಳೆದು ಮರೆಸುತ್ತಿದ್ದೆವೇ ಹೊರತು ಯಾರದೆಂದು ಕೇಳಿದವರಿಲ್ಲ. ತಂಗೆವ್ವ ನನ್ನತ್ತ ನೋಡಿದಳು. ಯಾವ ಕೌದಿ ಯಾರದೆಂದು ತಾಯಂದಿರಿಗೆ ತಿಳಿಯಬಾರದು ಎನ್ನುವುದೇ ಚಾವಡಿಯ ಕಟ್ಟು. ತಿಳಿದದ್ದು ನನ್ನ ಕಿವಿಗೆ ಬಿದ್ದರೆ ಒಳಗೆ ಹೋಗಿ ಸಾಹೇಬರಿಗೆ ಹೇಳಬೇಕು. ನಾನು ಕೌದಿಯ ಮೇಲಿಲ್ಲದ ಧೂಳನ್ನು ಕೊಡವುತ್ತ ನಿಂತೆ.

ಪಾರಿ ಮಾತ್ರ ಬೆರಗಾಗಲಿಲ್ಲ. ದೊಡ್ಡವರ ಹಾಗೆ ಸೊಂಟದ ಮೇಲೆ ಕೈಯಿಟ್ಟು, "ಬರೇ ದೂಡಿದ್ರ ಹೆಂಗ ತೆರೀತೈತಿ? ಸ್ವಲ್ಪ ಎತ್ತಿ ದೂಡಬೇಕು," ಎಂದಳು. ಮತ್ತೆ ನನ್ನ ಸೆರಗು ಜಗ್ಗಿದಳು. "ಗೌರಮ್ಮಾಯಿ, ನೀ ಅಪ್ಪನ ಕಡೆ ಹೋಗ್ತಿಯಲ್ಲ, ಹೇಳು ಅವಗ."

ಹೇಳಿದೆ. ಮರುದಿನ ಮುಂಜಾನೆಯೇ ಹಳ್ಳ ದಾಟಿ, ಮಾನಪ್ಪ ಬೇವಿನ ನೆರಳಲ್ಲಿ ಮಲಗಿದ ಮೇಲೆ, "ನಿನ್ನ ಮಗಳು ಹೇಳ್ಯಾಳ. ಬಾಗಲಾ ಎತ್ತಿ ದೂಡಬೇಕಂತ," ಎಂದೆ. ಅವನು ಯಾವ ಬಾಗಿಲೆಂದು ಕೇಳಬೇಕಾಗಲಿಲ್ಲ. "ನನ್ನ ಕನಸು ನೋಡ್ಯಾಳ?" ಎಂದ. "ನೋಡ್ಯಾಳ," ಎಂದೆ. ನೋಡಿದ್ದು ಯಾರ ಕಣ್ಣೆಂಬುದು ನನ್ನಲ್ಲೇ ಉಳಿಯಿತು. ಅವನು ಕೌದಿಯನ್ನು ಮುಖದ ಮೇಲೆ ಎಳೆದುಕೊಂಡ. ಬಹಳ ಹೊತ್ತು ಅದು ಅಲುಗುತ್ತಿತ್ತು. ಮಡಚುವಾಗ ಒಂದು ಮೂಲೆ ಒದ್ದೆಯಾಗಿತ್ತು. ಹೊತ್ತವರು ದಾರಿಯಲ್ಲಿ ಕೂರಬಾರದು, ಕೂತರೆ ಹೊತ್ತದ್ದು ತಮಗೇ ಹತ್ತುತ್ತದೆ. ಆದರೂ ಅಂದು ಹಳ್ಳದ ದಂಡೆಯಲ್ಲಿ ಅದನ್ನು ಕಲ್ಲಿನ ಮೇಲಿಟ್ಟು, ನಿಂತೇ ದಣಿವಾರಿಸಿಕೊಂಡೆ. ಚಾವಡಿಯೊಳಗೆ ಕೌದಿಗಳ ಸಾಲಿನಲ್ಲಿ ಇಡುವಾಗ ಅದನ್ನು ಬಸಲಿಂಗಿಯ ಹೆಸರು ಬರುವ ಕಡೆಗೆ ಸರಿಸಿದೆ. ಕಟ್ಟು ಮುರಿಯಲಿಲ್ಲ. ಅವನ ಕೌದಿ ಅವನ ಕೂಸಿಗೆ ಹೋಗಬಾರದು ಎಂದಿದೆಯೇ ಹೊರತು, ಇನ್ನೊಂದು ಕೂಸಿಗೆ ಹೋಗಬಾರದೆಂದು ಯಾರೂ ಹೇಳಿಲ್ಲ.

ಮಾರನೆಯ ಮಧ್ಯಾಹ್ನ ಹೆಂಗಸರೆಲ್ಲ ಹೊತ್ತಿಗೆ ಮುಂಚೆಯೇ ಹುಣಸೆ ಮರದ ಕೆಳಗಿದ್ದರು. ಒಬ್ಬಳು ತನ್ನ ಮಗನನ್ನು ಇನ್ನೊಬ್ಬಳ ಮಗನ ಮುಂದೆ ಕೂರಿಸಿ, "ಇಂವ ಏನೇನು ನೋಡ್ಯಾನ ಕೇಳೋ" ಎನ್ನುತ್ತಿದ್ದಳು. ತಂಗೆವ್ವ ಗಿರಣಿಯಿಂದ ನೇರ ಬಂದಿದ್ದಳು, ಮೈಯೆಲ್ಲ ಕೆಂಪು ಖಾರದ ಪುಡಿ. ತನಗೇನೂ ಬೇಕಿಲ್ಲ ಎಂಬಂತೆ ಬೇರಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡಿದ್ದಳು.

ಬಸಲಿಂಗಿ ಪಾರಿಗೆ ಹೇಳಿದಳು: "ನಿನ್ನೆ ನಿಮ್ಮಪ್ಪ ಬಾಗಲಾ ಎತ್ತಿ ದೂಡಿದ. ತೆರೀತು. ಒಳಗ ಬಂದ."

"ಬಂದು?" ಎಂದು ಕೇಳಿದ್ದು ಪಾರಿಯಲ್ಲ, ತಂಗೆವ್ವ. ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ಬಂದು ಕೊಡದಾಗಿನ ನೀರು ತಾನ ತುಂಬಕೊಂಡು ಕುಡದ. ಆಮ್ಯಾಲೆ ಗ್ವಾಡಿಗೆ ಒರಗಿ ಮಕ್ಕೊಂಡ. ಗೊರಕಿ ಹೊಡದ."

ತಂಗೆವ್ವನಿಗೆ ನಗು ಬಂತು. ಬಾಯಿಗೆ ಸೆರಗು ಒತ್ತಿದರೂ ನಿಲ್ಲಲಿಲ್ಲ. "ಕನಸಿನಾಗೂ ಬಂದು ಮಕ್ಕೊಂಡಾನಲ್ರೇ! ಹಂಗಾರ ಅಂವ ನನ್ನ ಗಂಡನ. ಸಂಶೇನ ಇಲ್ಲ." ಉಳಿದ ಹೆಂಗಸರೂ ನಕ್ಕರು. ಆ ಮರದ ಕೆಳಗೆ ಅಷ್ಟು ಜನ ಒಟ್ಟಿಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ.

"ನಾ ಎಲ್ಲಿದ್ದೆ?" ಎಂದಳು ಪಾರಿ.

"ಅವನ ಬಗಲಾಗ. ಹಳದಿ ಅಂಚಿನ ಕೌದಿ ನಿನಗ ಹೊದಿಸಿದ್ದ. ನಿಮ್ಮವ್ವನ ಕಾಲಿಗೂ ಹೊದಿಸಿದ್ದ. ತಾನು ಬರೇ ನೆಲದ ಮ್ಯಾಲೆ ಮಕ್ಕೊಂಡಿದ್ದ."

ನಗು ಅಲ್ಲಿಗೆ ನಿಂತಿತು. ತಂಗೆವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ಸೆರಗಿನ ಖಾರ ಕಣ್ಣಿಗೆ ಹತ್ತಿತು, ಮತ್ತೂ ನೀರು ಬಂತು. "ಸುಡ್ಲಿ ಈ ಖಾರ," ಎಂದಳು. ಪಾರಿ ಓಡಿಬಂದು ಕೊರಳಿಗೆ ಬಿದ್ದು, "ಅವ್ವಾ, ಅಳಬ್ಯಾಡ," ಎಂದಳು. 'ರೀ' ಅನ್ನಲಿಲ್ಲ.

ಹೆಸರು ಕೂಗಿದಾಗ ತಂಗೆವ್ವ ಎದ್ದು ಬಂದು ತನ್ನ ಪಾಲಿನ ಕೌದಿ ಇಸಕೊಂಡಳು. ಯಾರದೆಂದು ಕೇಳಲಿಲ್ಲ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು.

"ಗೌರಕ್ಕ, ಅವಗ ಹೇಳು," ಎಂದಳು. "ಬಂದು ಆ ಬಾಗಲಕ್ಕ ಬಿಜಾಗರಿ ಬಡದು ಹೋಗಂತ. ಎತ್ತಿ ಎತ್ತಿ ನನ್ನ ರಟ್ಟಿ ಬಿದ್ದು ಹೋಗ್ಯಾವು."

"ಬಂದಾಂವ ಹೋಗದಿದ್ರ?" ಎಂದೆ.

"ಮೊದಲ ಬರಲಿ," ಎಂದು ಮಗಳ ಕೈಹಿಡಿದು ಹೋದಳು. ಅವನು ಬಂದು ನಿಂತರೆ ಚಾವಡಿಯ ಕೌದಿ ನಿಲ್ಲುತ್ತದೆ. ಬಂದವನು ಮತ್ತೆ ಹೋದರೆ ಅವಳು ಇನ್ನೊಮ್ಮೆ ಹೆಬ್ಬೆಟ್ಟು ಒತ್ತಬೇಕು. ಅದು ಅವಳಿಗೆ ಗೊತ್ತಿಲ್ಲದ್ದಲ್ಲ. ನಾನು ಉಳಿದ ಕೌದಿಗಳನ್ನು ಹಂಚಿ, ಖಾಲಿಯದೊಂದನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡೆ. ನಾಳೆ ಹೇಗೂ ಹಳ್ಳ ದಾಟಬೇಕು.